ಹಿಗ್ಗಿ ಕುಗ್ಗುವ ಗಂಟೆ

ಪ್ರಾಚೀನ ರೋಮಿನಲ್ಲಿ ಗಂಟೆಗೂ ಬೇಸಿಗೆ, ಚಳಿಗಾಲ ಇತ್ತು. ಸೂರ್ಯನ ಹುಟ್ಟಿನಿಂದ ಮುಳುಗಿನವರೆಗಿನ ಹಗಲನ್ನು ಹನ್ನೆರಡು ಪಾಲು ಮಾಡಿದರೆ ಒಂದು ಪಾಲಿಗೆ ಒಂದು ಗಂಟೆ. ಇರುಳಿಗೂ ಅಷ್ಟೇ ಪಾಲು. ರಾಹುಕಾಲವನ್ನು ಕರಾರುವಾಕ್ಕಾಗಿ ಲೆಕ್ಕ ಹಾಕುವವರಿಗೆ ಇದು ಹೊಸ ಗಣಿತವಲ್ಲ, ಅಲ್ಲಿ ಹಗಲಿಗೆ ಎಂಟು ಪಾಲು. ಆದರೆ ರೋಮ್ ಇರುವುದು ಸುಮಾರು 42 ಡಿಗ್ರಿ ಉತ್ತರದಲ್ಲಿ. ಜೂನಿನ ಹಗಲು ಹದಿನೈದು ತಾಸು ದಾಟುತ್ತದೆ, ಡಿಸೆಂಬರಿನದು ಒಂಬತ್ತಕ್ಕೆ ಇಳಿಯುತ್ತದೆ. ಅದೇ ‘ಗಂಟೆ’ ಬೇಸಿಗೆಯಲ್ಲಿ ನಮ್ಮ 75 ನಿಮಿಷ, ಚಳಿಯಲ್ಲಿ 45.

ಮೊದಲೆರಡು ಗಂಟೆ ದೊಡ್ಡವರ ಬಾಗಿಲಲ್ಲಿ ಸಲಾಮು ಹೊಡೆಯಲು, ಮೂರನೆಯದು ವಕೀಲರಿಗೆ, ಎಂಟನೆಯದು ಗರಡಿಗೆ, ಒಂಬತ್ತನೆಯದು ಊಟಕ್ಕೆ. ಇದು ಕವಿ ಮಾರ್ಷಿಯಲ್ ಕೊಟ್ಟ ದಿನಚರಿ.

ಹೊತ್ತು ತೋರಿಸುತ್ತಿದ್ದದ್ದು ಬೋಗುಣಿಯಂತೆ ಕೊರೆದ ಕಲ್ಲು. ಅದರೊಳಗೆ ಹನ್ನೊಂದು ಗೀರು, ಅಡ್ಡಕ್ಕೆ ಮೂರು ಕಮಾನು, ಮೇಲೊಂದು ಲೋಹದ ಕಡ್ಡಿ. ಕಡ್ಡಿಯ ತುದಿಯ ನೆರಳು ಗೀರಿನ ಮೇಲೆ ಹೊತ್ತನ್ನೂ ಕಮಾನಿನ ಮೇಲೆ ಋತುವನ್ನೂ ಹೇಳುತ್ತದೆ. ಕಡ್ಡಿ ಬಾಗಿದರೆ ಲೆಕ್ಕ ಕೆಟ್ಟಿತು. ಊರು ಬದಲಾದರಂತೂ ಪೂರ್ತಿ. ಕ್ರಿ.ಪೂ. 263ರಲ್ಲಿ ಸಿಸಿಲಿಯ ಕಟಾನಿಯಾದಿಂದ ಹೊತ್ತು ತಂದ ಗಡಿಯಾರ ನಾಲ್ಕು ಡಿಗ್ರಿ ದಕ್ಷಿಣದ ಬಿಸಿಲಿಗೆ ಕೊರೆದದ್ದು. ರೋಮನ್ನರು ಅದನ್ನೇ ನಂಬಿ 99 ವರ್ಷ ಕಳೆದರು!

ಸಾಮ್ರಾಟ ಆಗಸ್ಟಸ್ ಈಜಿಪ್ಟಿನ ಕಲ್ಲುಕಂಬವನ್ನೇ ಹಡಗಿನಲ್ಲಿ ತರಿಸಿ ಕಡ್ಡಿಯಾಗಿ ನಿಲ್ಲಿಸಿದ. ವಿದ್ವಾಂಸ ಹಿರಿಯ ಪ್ಲಿನಿ ಬರೆಯುವ ವೇಳೆಗೆ ಅದೂ ಮೂವತ್ತು ವರ್ಷದಿಂದ ತಪ್ಪುತ್ತಿತ್ತು. ಕಾರಣ ಹುಡುಕಲು ಹೊರಟ ಪ್ಲಿನಿಯ ಮೊದಲ ಅನುಮಾನ ಸೂರ್ಯನ ಮೇಲೆ, ಆಮೇಲೆ ಭೂಮಿಯ ಮೇಲೆ. ಟೈಬರ್ ನದಿಯ ನೆರೆಗೆ ಕಂಬದ ಬುಡ ಕುಸಿದಿರಬಹುದೆಂಬುದು ಕಟ್ಟಕಡೆಗೆ. ಗಡಿಯಾರಗಳಿಗಿಂತ ತತ್ತ್ವಜ್ಞಾನಿಗಳೇ ಬೇಗ ಒಮ್ಮತಕ್ಕೆ ಬಂದಾರು ಎಂದು ತಾನೇ ತತ್ತ್ವಜ್ಞಾನಿಯಾದ ಸೆನೆಕಾ ಅಣಕಿಸಿದ್ದು ಸುಮ್ಮನಲ್ಲ.

ಮೋಡಕ್ಕೂ ನ್ಯಾಯಾಲಯಕ್ಕೂ ನೀರುಗಡಿಯಾರ. ಪಾತ್ರೆ ತುಂಬಿದ್ದಾಗ ನೀರು ರಭಸವಾಗಿ ಸುರಿಯುತ್ತದೆ, ತಳ ಸೇರಿದಾಗ ತೊಟ್ಟಿಕ್ಕುತ್ತದೆ. ತೂತು ಸವೆದರೆ ಸಮಯ ಓಡುತ್ತದೆ, ಕಸ ಕಟ್ಟಿದರೆ ತೆವಳುತ್ತದೆ. ಅದಕ್ಕೇ ತೂತನ್ನು ಚಿನ್ನದಲ್ಲೋ ರತ್ನದಲ್ಲೋ ಕೊರೆಯುತ್ತಿದ್ದರೆಂದು ವಾಸ್ತುಶಿಲ್ಪಿ ವಿಟ್ರುವಿಯಸ್ ಬರೆಯುತ್ತಾನೆ.

ಕ್ರಿ.ಶ. 100ರ ಜನವರಿಯಲ್ಲಿ, ಆಫ್ರಿಕಾ ಪ್ರಾಂತವನ್ನು ಸುಲಿದ ಅಧಿಕಾರಿಯೊಬ್ಬನ ವಿರುದ್ಧ ಹಿರಿಯ ಪ್ಲಿನಿಯ ಸೋದರಳಿಯ, ಕಿರಿಯ ಪ್ಲಿನಿ, ವಾದಕ್ಕೆ ನಿಂತ. ಮಾತಿಗೆ ಕೊಟ್ಟದ್ದು ಹನ್ನೆರಡು ಪಾತ್ರೆ ನೀರು ಸುರಿಯುವಷ್ಟು ಹೊತ್ತು. ಮೇಲೆ ನಾಲ್ಕು ಸೇರಿಸಿದರು. ಐದು ಗಂಟೆಯ ಹತ್ತಿರ ಮಾತಾಡಿದೆ ಎಂದು ಬರೆದುಕೊಂಡಿದ್ದಾನೆ. ಚಳಿಗಾಲದ ಗಂಟೆಯಾದ್ದರಿಂದ ನಮ್ಮ ಲೆಕ್ಕಕ್ಕೆ ನಾಲ್ಕರ ಆಸುಪಾಸು. ಅಷ್ಟಕ್ಕೇ ಸಾಮ್ರಾಟ ಟ್ರೇಜನ್‌ಗೆ ಕನಿಕರ ಬಂದು, ಗಂಟಲು ಜೋಪಾನ ಎಂದು ಪ್ಲಿನಿಯ ಬೆನ್ನ ಹಿಂದೆ ನಿಂತವನ ಕೈಲಿ ಮತ್ತೆ ಮತ್ತೆ ಹೇಳಿಸಿದನಂತೆ.