ಹನ್ನೊಂದಿಂಚು ಒಂದು ನೂಲು

ಕೆಜಿಎಫ್ ಗಣಿಗೆ ಬೀಗ ಬಿದ್ದದ್ದು 2001ರ ಫೆಬ್ರವರಿ 28ಕ್ಕೆ. ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದು ಕೆದಕಿದರೂ ಖರ್ಚು ಹುಟ್ಟುತ್ತಿಲ್ಲ ಅಂದರು, ಮುಚ್ಚಿದರು. ಆಮೇಲೆ ನಮ್ಮ ಕೋಲಾರ ಜಿಲ್ಲೆಗೆ ಉಳಿದದ್ದು ಸೈನೈಡ್ ದಿಬ್ಬ, ಟೊಮೆಟೊ, ಮಾವು, ಜೊತೆಗೆ ಬೆಂಗಳೂರಿನವರು ಬಳಸಿಬಿಟ್ಟ ನೀರು. ಇಂಥ ಊರಿಗೆ ಈಚೆಗೆ ಮತ್ತೆ ಚಿನ್ನ ಬಂದಿದೆ. ಈ ಸಲ ನೆಲ ಅಗೆಯುವ ಗೋಜಿಲ್ಲ, ಕೈಯಲ್ಲೊಂದು ಟೇಪಿದ್ದರೆ ಸಾಕು. ಆ ಚಿನ್ನದ ಹೆಸರು 1.618.

ಬಂದ ಬಗೆ ಹೀಗೆ. ಲೇತಿನ ಮೇಲೆ ಲಟ್ಟಣಿಗೆ, ಬುಗುರಿ, ಮಂಚದ ಕಾಲು, ಮುದ್ದೆ ಕೋಲು ಕಡೆಯುವವರಿಗೆ ಒಂದು ದಿನದ ತರಬೇತಿ ಅಂತಾಯಿತು. ವಿಷಯ ‘ಮರ ಕಡೆಯುವ ವಿನ್ಯಾಸದಲ್ಲಿ ಸುವರ್ಣ ಅನುಪಾತ’. ಫ್ಲೆಕ್ಸ್ ಮಾಡುವ ಹುಡುಗ ತನ್ನ ಜನ್ಮದಲ್ಲಿ ಯಾವ ಬ್ಯಾನರಿನಲ್ಲೂ ‘ಅನುಪಾತ’ ಎಂಬ ಪದ ಕಂಡವನಲ್ಲ. ಬರೆದುಕೊಟ್ಟವರ ಕೈತಪ್ಪಿರಬೇಕು ಅಂತ ತಾನೇ ತಿದ್ದಿ ‘ಸುವರ್ಣ ಅನುದಾನ’ ಮಾಡಿಬಿಟ್ಟ. ಗಣ್ಯರ ಮುಖಗಳೆಲ್ಲ ಮುಗಿದು ಉಳಿದ ಗೇಣುದ್ದ ಜಾಗದಲ್ಲಿ ಆ ಎರಡು ಪದ ಇದ್ದದ್ದು. ಆದರೂ ಊರಿಗೆಲ್ಲ ಕಂಡಿತು. ಮರ ಕಡೆಯುವವರು ಏಳೇ ಮಂದಿ, ಕಡೆಯದವರು ಸಭಾಂಗಣದ ತುಂಬ. ಆಧಾರ್ ಜೆರಾಕ್ಸು, ಪಾಸ್‌ಬುಕ್ಕು, ಎರಡೆರಡು ಫೋಟೋ ಸಮೇತ.

ತಜ್ಞರು ಶುರು ಮಾಡಿದರು. ‘ಒಂದು ಗೆರೆಯನ್ನು ಎರಡು ಭಾಗ ಮಾಡಿ. ಇಡೀ ಗೆರೆ ದೊಡ್ಡ ಭಾಗದ ಎಷ್ಟು ಪಟ್ಟೋ, ದೊಡ್ಡ ಭಾಗ ಚಿಕ್ಕದರ ಅಷ್ಟೇ ಪಟ್ಟು ಇರಬೇಕು. ಆ ಪಟ್ಟೇ 1.618, ಅಂದರೆ ದೊಡ್ಡ ಭಾಗ ಇಡೀ ಗೆರೆಯ 0.618.’ ಭಾಗ ಎಂಬ ಮಾತು ಕಿವಿಗೆ ಬಿದ್ದದ್ದೇ ಹಿಂದಿನ ಸಾಲು ನೆಟ್ಟಗೆ ಕೂತಿತು. ‘ಚಿಕ್ಕೋನಿಗೆ ಕಮ್ಮಿ ಬಂತಲ್ಲಾ ಸಾಮೀ, ಅವನು ಸೈನ್ ಹಾಕ್ತಾನಾ?’ ಅಂತ ಒಬ್ಬ ಅಜ್ಜ ಎದ್ದು ಕೇಳಿದ. ಎರಡೂವರೆ ತಾಸಿನಲ್ಲಿ ಬಂದ ಒಂದೇ ಒಂದು ಯೋಗ್ಯ ಪ್ರಶ್ನೆ ಅದು. ಉತ್ತರ ಬರಲಿಲ್ಲ, ಉಪ್ಪಿಟ್ಟು ಬಂತು.

ಉಪ್ಪಿಟ್ಟಿನ ನಂತರ ಪರದೆಯ ಮೇಲೆ ಗ್ರೀಸಿನ ದೇಗುಲ, ಸಮುದ್ರದ ನಾಟಿಲಸ್ ಚಿಪ್ಪು, ಒಬ್ಬ ಸಿನಿಮಾ ನಟಿಯ ಮುಖ, ಕೊನೆಗೆ ಸೂರ್ಯಕಾಂತಿ ಹೂವು. ಎಲ್ಲದರ ಮೇಲೂ ಅದೇ ಹಳದಿ ಸುರುಳಿ. ಸೂರ್ಯಕಾಂತಿಯ ಕಾಳಿನ ಸುತ್ತುಗಳಲ್ಲಿ 34, 55 ಸಿಗುವುದು, ಭಾಗಿಸಿದರೆ 1.618 ಬರುವುದು ನಿಜ, ಅಲ್ಲಿ ನನ್ನದೇನೂ ತಕರಾರಿಲ್ಲ. ಚಿಪ್ಪಿನ ಕತೆ ಹಾಗಲ್ಲ. ಚಿನ್ನದ ಸುರುಳಿ ಒಂದು ಸುತ್ತು ಬರುವಷ್ಟರಲ್ಲಿ ಏಳು ಪಟ್ಟಿನ ಹತ್ತಿರ ಹಿಗ್ಗುತ್ತದೆ. ಪಾಪದ ನಾಟಿಲಸ್ ಹಿಗ್ಗುವುದು ಸುಮಾರು ಮೂರೇ ಪಟ್ಟು. ದೇಗುಲದ್ದು ಟೇಪನ್ನು ಯಾವ ಮೆಟ್ಟಿಲಿನಿಂದ ಹಿಡಿಯುತ್ತೀರಿ ಅನ್ನುವುದರ ಮೇಲಿದೆ. ನಟಿಯ ಮುಖಕ್ಕೆ ಯಾರೂ ಟೇಪು ಹಿಡಿದಿಲ್ಲ ಅಂದುಕೊಂಡಿದ್ದೇನೆ.

ಸುಮಾರು 2,300 ವರ್ಷದ ಹಿಂದೆ ಈ ಗೆರೆಯ ಲೆಕ್ಕ ಬರೆದಿಟ್ಟ ಯೂಕ್ಲಿಡ್ ಅದರಲ್ಲಿ ಚೆಲುವಿದೆ ಅಂತ ಎಲ್ಲೂ ಹೇಳಲಿಲ್ಲ. ಅದಕ್ಕೆ ‘ಚಿನ್ನ’ದ ಹೆಸರು ಅಂಟಿದ್ದು 1835ರಲ್ಲಿ, ಮಾರ್ಟಿನ್ ಓಮ್ ಎಂಬ ಜರ್ಮನ್ ಗಣಿತಜ್ಞನ ಬರಹದಲ್ಲಿ. ಕರೆಂಟಿನ ಓಮ್ ನಿಯಮ ಇದೆಯಲ್ಲ, ಆ ಓಮನ ತಮ್ಮ. ಅಣ್ಣನ ಓಮ್ ಮುಟ್ಟಿದರೆ ಶಾಕ್ ಹೊಡೆಯುತ್ತದೆ, ತಮ್ಮನದು ಮುಟ್ಟಿದರೆ ತರಬೇತಿ ನಡೆಯುತ್ತದೆ. 1876ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಫೆಕ್ನರ್ ಎಂಬ ಜರ್ಮನ್ ಮನೋವಿಜ್ಞಾನಿ ಜನರ ಮುಂದೆ ಹತ್ತು ಆಯತಗಳನ್ನು ಇಟ್ಟು ಯಾವುದು ಚೆಂದ ಅಂತ ಕೇಳಿದರು. ಸರಿಸುಮಾರು ಮೂವರಲ್ಲಿ ಒಬ್ಬರು ಚಿನ್ನದ ಆಯತಕ್ಕೆ ಕೈ ತೋರಿದರು. ಉಳಿದ ಇಬ್ಬರ ಕಣ್ಣಿಗೆ ಏನಾಗಿತ್ತು ಅಂತ ತಜ್ಞರು ವಿಚಾರಿಸಲಿಲ್ಲ.

ಹುಡುಕಲು ಹೊರಟರೆ ಸಿಗದ ಜಾಗವಿಲ್ಲ. ಮನೆಗೆ ಬಂದು ನಾನೂ ಪ್ರಯತ್ನಿಸಿದೆ. ಭಾಮಿನಿ ಷಟ್ಪದಿಯ ಮೊದಲ ಸಾಲಿಗೆ 14 ಮಾತ್ರೆ, ಮೂರನೆಯದಕ್ಕೆ 23. ಭಾಗಿಸಿದರೆ 1.64. ವಾರ್ಧಕಕ್ಕೆ 20 ಮತ್ತು 32, ಅಂದರೆ 1.6. ಮೈ ಜುಮ್ಮೆಂದಿತು! ಆಮೇಲೆ ಹೊಳೆಯಿತು, ಷಟ್ಪದಿಯ ಮೂರನೇ ಸಾಲೆಂದರೆ ಮೊದಲಿನದರ ಒಂದೂವರೆ ಪಟ್ಟು, ಮೇಲೊಂದು ಗುರು. ಅದು 1.6ರ ಆಸುಪಾಸಿನಲ್ಲಿ ಬೀಳದೆ ಇನ್ನೆಲ್ಲಿ ಬಿದ್ದೀತು? (ನಾಲ್ಕು ಮಾತ್ರೆಯ ಗಣಕ್ಕೆ 5 ರೂಪ, ಐದು ಮಾತ್ರೆಯದಕ್ಕೆ 8, ಆರಕ್ಕೆ 13. ಹಿಂದಿನೆರಡು ಕೂಡಿದರೆ ಮುಂದಿನದು, ಅಕ್ಕಪಕ್ಕದವನ್ನು ಭಾಗಿಸುತ್ತ ಹೋದರೆ ಅದೇ 1.618ರ ಹತ್ತಿರ. ಇದನ್ನು 12ನೇ ಶತಮಾನದಲ್ಲಿ ಜೈನ ಪಂಡಿತ ಹೇಮಚಂದ್ರ ಲೆಕ್ಕ ಹಾಕಿಟ್ಟಿದ್ದ, 1202ರಲ್ಲಿ ಇದೇ ಸಂಖ್ಯೆಗಳನ್ನು ಬರೆದ ಇಟಲಿಯ ಫಿಬೊನಾಚಿಗಿಂತ ಮೊದಲೇ. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿ ಒದೆ ತಿಂದ ನಾವೆಲ್ಲ ಸುವರ್ಣ ಫಲಾನುಭವಿಗಳೇ.)

ಮಧ್ಯಾಹ್ನ ಪ್ರಾತ್ಯಕ್ಷಿಕೆ. ಎಲ್ಲರಿಗೂ ಒಂದೊಂದು ಮೂರು ಕಾಲಿನ ಕ್ಯಾಲಿಪರ್ ಕೊಟ್ಟರು. ಎಷ್ಟೇ ಅಗಲಿಸಿ, ನಡುವಿನ ಕಾಲು ಹೋಗಿ ಚಿನ್ನದ ಜಾಗದಲ್ಲೇ ನಿಲ್ಲುತ್ತದೆ. ನಮ್ಮ ಬೀದಿಯ ಆಚಾರ್ರು ಶ್ರೀನಿವಾಸಪುರದ ಕಡೆಯ ಮಾವಿನ ದಿಮ್ಮಿಯೊಂದನ್ನು ಲೇತಿಗೆ ಕಟ್ಟಿದರು. ಉಳಿ ತಾಗಿದ ಕೂಡಲೇ ಒದ್ದೆ ಸಿಪ್ಪೆ ರಿಬ್ಬನ್ನಿನ ಹಾಗೆ ಸುರುಳಿ ಸುರುಳಿಯಾಗಿ ಎದ್ದು ಅವರ ಮೊಣಕೈ ಮೇಲೆ ಬಿತ್ತು. ‘ಹಸಿ ಮರ ಸಾರ್, ಒಣಗ್ಬೇಕು’ ಅಂದರು. ‘ಅನುಪಾತ ನೋಡಿಕೊಳ್ಳಿ’ ಅಂದರು ತಜ್ಞರು. ಹೂದಾನಿಯ ಹೊಟ್ಟೆ ಸರಿಯಾಗಿ 0.618ರ ಎತ್ತರದಲ್ಲಿ ಉಬ್ಬಿತು. ಚಪ್ಪಾಳೆ, ಫೋಟೋ, ಲ್ಯಾಮಿನೇಷನ್ ಮಾಡಿದ ಸರ್ಟಿಫಿಕೇಟು.

ಮರಕ್ಕೆ ಮಾತ್ರ ಸರ್ಟಿಫಿಕೇಟು ಓದಲು ಬರುವುದಿಲ್ಲ. ಒಣಗುವಾಗ ಅದು ಉಂಗುರಗಳ ಗುಂಟ ಕುಗ್ಗುವುದು ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ. ಉದ್ದಕ್ಕೆ ಕುಗ್ಗುವುದು ಇಲ್ಲವೇ ಇಲ್ಲವೆನ್ನುವಷ್ಟು ಕಮ್ಮಿ. ಹಾಗಾಗಿ ಹಸಿಯಲ್ಲಿ ಗುಂಡಗಿದ್ದದ್ದು ಒಣಗಿ ಮೊಟ್ಟೆಯಾಗುತ್ತದೆ. ಮೂರು ವಾರದಲ್ಲಿ ಆ ಹೂದಾನಿಗೆ ಸೊಂಟ ತಿರುಗಿತು, ತಳ ಕುಂಟಿತು. ಈಗ ಕಚೇರಿಯ ಶೋಕೇಸಿನಲ್ಲಿ ಗೋಡೆಗೆ ಒರಗಿ ನಿಂತಿದೆ. ಕುಂಟುವ ತಳದ ಕೆಳಗೆ ಏನೋ ಮಡಚಿ ಇಟ್ಟಿದ್ದಾರೆ. ಬಗ್ಗಿ ನೋಡಿದೆ, ತರಬೇತಿಯ ಕೈಪಿಡಿ.

ಆಚಾರ್ರು ಕಲಿತದ್ದನ್ನು ಬಿಡುವ ಆಸಾಮಿಯಲ್ಲ. ಅಂತರಗಂಗೆ ಬೆಟ್ಟ ಹತ್ತಲು ಬರುವ ಬೆಂಗಳೂರಿನ ಕಾರುಗಳಿಗೆ ಕಾಣುವಂತೆ ಅಂಗಡಿ ಮುಂದೆ ‘ಗೋಲ್ಡನ್ ರೇಷಿಯೋ ಮುದ್ದೆ ಕೋಲು’ ಅಂತ ಬೋರ್ಡು ಹಾಕಿದರು. ಹದಿನೆಂಟು ಇಂಚಿನ ಕೋಲು, ತುದಿಯಿಂದ ಹನ್ನೊಂದಿಂಚು ಒಂದು ನೂಲಿಗೆ (ನೂಲೆಂದರೆ ಇಂಚಿನ ಎಂಟನೇ ಒಂದು ಪಾಲು) ಉಬ್ಬಿದ ಒಂದು ಬಳೆ. ನೋಡಲು ಲಕ್ಷಣವಾಗಿತ್ತು, ಸುಳ್ಳು ಹೇಳಬಾರದು. ನಾನೂ 162 ರೂಪಾಯಿ ಕೊಟ್ಟು ತಂದೆ.

ಮನೆಯಲ್ಲಿ ಎಂಟು ಜನಕ್ಕೆ ಹಿಟ್ಟು. ನನ್ನ ಹೆಂಡತಿ ಪಾತ್ರೆಯನ್ನು ಎರಡು ಕಾಲಲ್ಲಿ ಒತ್ತಿ ಹಿಡಿದು ತೊಳಸಲು ಕೂತಳು. ಕೆಳಗಿನ ಕೈ ಎಲ್ಲಿ ಬಿಗಿಹಿಡಿಯಬೇಕೋ ಬಳೆ ಸರಿಯಾಗಿ ಅಲ್ಲೇ. ಹಿಟ್ಟು ಗಂಟಾಯಿತು, ಅಂಗೈಯಲ್ಲಿ ಬೊಬ್ಬೆ ಎದ್ದಿತು. ‘ಚಿನ್ನ ಅಂದ್ರಲ್ಲಾ, ನೋಡ್ರೀ ಇಲ್ಲಿ’ ಅಂತ ಕೈ ಚಾಚಿದಳು.

ಕೋಲು ಹಿಡಿದು ಅಂಗಡಿಗೆ ಹೋದೆ. ಆಚಾರ್ರ ಹೆಂಡತಿ ಒಳಗೆ ಮೂರು ಕಾಲಿನ ಕ್ಯಾಲಿಪರಿನಲ್ಲಿ ಹಪ್ಪಳ ತಿರುವುತ್ತಿದ್ದರು.

‘ಅಯ್ಯೋ ಅದು ತೊಳಸೋಕಲ್ಲ ಸಾರ್, ಗೋಡೆಗೆ ಹಾಕೋಕೆ. ತೊಳಸೋಕೆ ಇದು ತಗೊಳ್ಳಿ’ ಅಂತ ಮೂಲೆಯಿಂದ ಬೋಳು ಹುಣಸೆ ಕೋಲೊಂದನ್ನು ಎಳೆದುಕೊಟ್ಟರು.

‘ಇದಕ್ಕೆಷ್ಟು ಆಚಾರ್ರೇ?’

‘ನೂರು.’

‘ಮತ್ತೆ ಅದಕ್ಯಾಕೆ 162 ತಗೊಂಡ್ರಿ?’

‘ಬೆಲೆಗೂ ಅನುಪಾತ ಹಾಕ್ಬೇಕಲ್ವಾ ಸಾರ್? ಕರೆಕ್ಟಾಗಿ 161 ರೂಪಾಯಿ 80 ಪೈಸೆ ಬರುತ್ತೆ.’

ಆ ಇಪ್ಪತ್ತು ಪೈಸೆ ಇನ್ನೂ ವಾಪಸ್ಸು ಬಂದಿಲ್ಲ.