ಹಿಡಿ ಅಕ್ಕಿಯ ಡಬ್ಬ

ನಮ್ಮ ಅಡುಗೆಮನೆಯಲ್ಲಿ ಅಕ್ಕಿ ಡ್ರಮ್ಮಿನ ಪಕ್ಕ ಒಂದು ಸ್ಟೀಲ್ ಡಬ್ಬ ಇದೆ. ಮುಚ್ಚಳದ ಮೇಲೆ ಅಜ್ಜಿಯ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಕೊರೆಸಿದ್ದಾರೆ. ಅದರಲ್ಲಿ ಒಂದು ಒತ್ತಕ್ಷರ ತಪ್ಪಿದೆ, ಅಜ್ಜಿಗೆ ಓದು ಬರುತ್ತಿರಲಿಲ್ಲ, ಹಾಗಾಗಿ ಪಾತ್ರೆ ಅಂಗಡಿಯವನು ಬಚಾವಾದ. ದಿನಾ ಅನ್ನಕ್ಕಿಡುವ ಮುಂಚೆ, ಮಠಕ್ಕೋ ಬೇಡಿ ಬಂದವರಿಗೋ ಅಂತ ಒಂದು ಹಿಡಿ ಅಕ್ಕಿ ಆ ಡಬ್ಬಕ್ಕೆ ಹೋಗಬೇಕು. ಅಷ್ಟೇ. ನಿಮ್ಮ ಮನೇಲಿ ಪೂಜೆಗೀಜೆ ಏನು ಮಾಡ್ತೀರಿ ಅಂತ ಯಾರಾದರೂ ಕೇಳಿದರೆ ತೋರಿಸುವುದಕ್ಕೆ ನನ್ನ ಹತ್ತಿರ ಮುಖ್ಯವಾಗಿ ಇರುವುದು ಅದೇ.

ಫ್ಲ್ಯಾಟು ಕೊಂಡಾಗ ಒಳಗಿನ ಕೆಲಸ ಮಾಡಿಸುವ ಹುಡುಗ ಲ್ಯಾಪ್‌ಟಾಪ್ ಬಿಚ್ಚಿ ದೇವರ ಕೋಣೆಯ ಏಳೆಂಟು ಚಿತ್ರ ತೋರಿಸಿದ್ದ. ಬಿಳಿ ಅಮೃತಶಿಲೆ, ಹಿಂದೆ ಹಳದಿ ದೀಪ ಹಾದು ಬರುವ ಓಂ, ಗಂಟೆಗಳು ನೇತಾಡುವ ಬಾಗಿಲು. ನನಗೆ ಆಸೆಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅಷ್ಟು ದುಡ್ಡಿಗೆ ಒಂದು ವರ್ಷದ ಸ್ಕೂಲ್ ಫೀಸು ಕಟ್ಟಬಹುದಿತ್ತು. ಜೊತೆಗೆ ನಮ್ಮಮ್ಮನ ದೇವರು ಅವಳ ಕೊರಳಲ್ಲೇ ಇದ್ದಾನೆ. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡಗೈ ಮೇಲಿಟ್ಟುಕೊಂಡು ಎಲ್ಲಿ ಕೂತರೆ ಅಲ್ಲೇ ಅವಳ ದೇವರ ಮನೆ. ಒಮ್ಮೆ ನಮ್ಮನೆಗೆ ಬಂದಾಗ ವಾಷಿಂಗ್ ಮಷೀನ್ ಪಕ್ಕದ ಬಾಲ್ಕನಿಯಲ್ಲಿ ಕೂತು ಪೂಜೆ ಮುಗಿಸಿದಳು, ಅಲ್ಲಿ ಗಾಳಿ ಚೆನ್ನಾಗಿದೆ ಅಂತ. ಕೊನೆಗೆ ಒಂದು ಗೂಡು, ಒಂದು ದೀಪ ಇಟ್ಟುಕೊಂಡು ಸುಮ್ಮನಾದೆವು.

ಡಬ್ಬ ಬಂದದ್ದು ಆಮೇಲೆ. ಗೃಹಪ್ರವೇಶಕ್ಕೆ ಬಂದ ಅಮ್ಮ ಅದನ್ನು ಸೀರೆಯಲ್ಲಿ ಸುತ್ತಿ ತಂದಿದ್ದಳು.

ಹಿಡಿ ಅಕ್ಕಿಗೂ ಕಾನೂನಿದೆ. ಮೂಟೆಯಿಂದ ನೇರ ತೆಗೆದು ಹಾಕುವ ಹಾಗಿಲ್ಲ. ಮೊದಲು ಮನೆಯವರಿಗೆ ಎಷ್ಟು ಬೇಕೋ ಅಷ್ಟನ್ನು ಪಾವಿನಲ್ಲಿ ಅಳೆಯಬೇಕು, ಆಮೇಲೆ ಆ ಅಳೆದ ಅಕ್ಕಿಯಿಂದಲೇ ಒಂದು ಹಿಡಿ ವಾಪಸ್ ತೆಗೆಯಬೇಕು, ಅಂದರೆ ಆ ಹೊತ್ತು ಮನೆಯವರಿಗೆ ಒಂದು ತುತ್ತು ಕಮ್ಮಿ ಆಗಲೇಬೇಕು. ನಾವು ಉಣ್ಣುವ ಅಕ್ಕಿಯೇ ಆಗಿರಬೇಕು, ಮಠಕ್ಕೆ ತಾನೇ ಅಂತ ನುಚ್ಚಕ್ಕಿ ಹಾಕಬಾರದು. ಅಜ್ಜಿಯ ಕಾಲಕ್ಕೆ ಇದು ಹಿಡಿ ರಾಗಿ. ಗುಬ್ಬಿ ಕಡೆಯ ನಮ್ಮ ಊರಲ್ಲಿ ಆಗ ಮೂರು ಹೊತ್ತೂ ಮುದ್ದೆ, ಅನ್ನ ಅಂದರೆ ಹಬ್ಬ. ಜೋಳಿಗೆ ಹಾಕಿಕೊಂಡು ಜಂಗಮರು ಬಂದಾಗ, ಶನಿವಾರ ಶಂಖ ಜಾಗಟೆಯ ದಾಸಯ್ಯ ಬಂದಾಗ ಡಬ್ಬ ಖಾಲಿಯಾಗುತ್ತಿತ್ತು. ಯಾರ ದೇವರು ಯಾರು ಅಂತ ಅಜ್ಜಿ ವಿಚಾರಿಸಿದ್ದು ನಾನು ಕಾಣೆ.

ಒಂದು ದಿನ ಕುತೂಹಲಕ್ಕೆ ಕೇಕ್ ಮಾಡುವ ತಕ್ಕಡಿ ಮೇಲೆ ತೂಗಿ ನೋಡಿದೆ. ನನ್ನ ಹಿಡಿ 45 ಗ್ರಾಂ. ಮಗಳದು 20, ಅದೂ ಅರ್ಧ ನೆಲದ ಪಾಲು. ನಮ್ಮನೆಯವರದು 70 ಬಂತು, ಅವರು ತುಂಬಾ ಹೊತ್ತು ಆ ಸಂಖ್ಯೆಯನ್ನೇ ನೋಡುತ್ತಾ ನಿಂತರು. ನನ್ನ ಲೆಕ್ಕದಲ್ಲಿ ಹೋದರೆ ವರ್ಷಕ್ಕೆ 16 ಕೆಜಿ ಚಿಲ್ಲರೆ. ದೊಡ್ಡ ವಿಷಯ ಏನಲ್ಲ. ಒಂದು ಸಾಧಾರಣ ನಾಮಕರಣದಲ್ಲಿ ಎಲೆ ಮೇಲೆ ಬಿಟ್ಟು ಏಳುವ ಅನ್ನ ಅದಕ್ಕಿಂತ ಜಾಸ್ತಿ ಇರುತ್ತದೆ.

ಈಗ ಜೋಳಿಗೆಯವರು ಬರುವ ಹಾಗಿಲ್ಲ. ಗೇಟಿನಲ್ಲಿ ಸೆಕ್ಯೂರಿಟಿಯವರು ಮೊಬೈಲಿಗೆ ಬಂದ ನಂಬರ್ ಕೇಳುತ್ತಾರೆ, ದಾಸಯ್ಯ ಎಲ್ಲಿಂದ ತರಬೇಕು? ಹಾಗಾಗಿ ಊರಿಗೆ ಹೋಗುವಾಗ ಡಬ್ಬ ಖಾಲಿ ಮಾಡಿ ಚೀಲಕ್ಕೆ ಸುರಿದುಕೊಂಡು ತುಮಕೂರಿನ ಸಿದ್ಧಗಂಗಾ ಮಠಕ್ಕೆ ಕೊಟ್ಟು ಮುಂದೆ ಹೋಗುತ್ತೇವೆ. ಶಿವಕುಮಾರ ಸ್ವಾಮೀಜಿ 1941ರಿಂದ ಮಠದ ಹೊಣೆ ಹೊತ್ತವರು, 2019ರಲ್ಲಿ 111ನೇ ವಯಸ್ಸಿನಲ್ಲಿ ಹೋದರು. ಅಲ್ಲಿ ಸಾವಿರಾರು ಮಕ್ಕಳು ಜಾತಿ ಧರ್ಮ ಅನ್ನದೆ ಒಟ್ಟಿಗೆ ಕೂತು ಉಣ್ಣುತ್ತಾರೆ. ರೈತರು ಮೂಟೆಗಟ್ಟಲೆ ದವಸ ತಂದು ಇಳಿಸುವ ಜಾಗದಲ್ಲಿ ನಮ್ಮ ನಾಲ್ಕೈದು ಕೆಜಿ ಚೀಲ ಹಿಡಿದು ನಿಲ್ಲುವುದಕ್ಕೆ ಮೊದಮೊದಲು ನಾಚಿಕೆ ಆಗುತ್ತಿತ್ತು. ಅಲ್ಲಿ ಯಾರೂ ಚೀಲದ ಗಾತ್ರ ನೋಡಲಿಲ್ಲ, ತಗೊಂಡರು, ಊಟ ಮಾಡಿಕೊಂಡು ಹೋಗಿ ಅಂದರು. ಮಾಡಿದೆವು. ಕೊಟ್ಟದ್ದರಲ್ಲಿ ಸ್ವಲ್ಪ ಅಲ್ಲೇ ವಾಪಸ್ ಬಂದಂತಾಯಿತು.

ನಮ್ಮನೆಯವರು ಸಾಫ್ಟ್‌ವೇರ್‌ನವರು. ಇದಕ್ಕೊಂದು ಸುಲಭದ ದಾರಿ ಇದೆ, ದಿನಾ ಮೂರು ರೂಪಾಯಿ ತಾನಾಗಿ ಕಟ್ ಆಗುವ ಹಾಗೆ ಫೋನಿನಲ್ಲಿ ಮಾಡಿಬಿಡ್ತೀನಿ, ಡಬ್ಬನೂ ಬೇಡ ಹುಳನೂ ಬೇಡ ಅಂದರು. ಮಾತು ಸರಿಯೇ. ಆದರೆ ತಾನಾಗಿ ಕಟ್ ಆಗುವ ದುಡ್ಡು ನನಗೆ ನೆನಪೇ ಇರುವುದಿಲ್ಲ. ಯಾವುದೋ ಸಿನಿಮಾ ಆ್ಯಪಿಗೆ ಎರಡು ವರ್ಷ ಹಾಗೆ ಕಟ್ಟಿದ್ದೆ.

ಒಮ್ಮೆ ಕಳ್ಳತನವನ್ನೂ ಮಾಡಿದ್ದೇನೆ. ರಾತ್ರಿ ಒಂಬತ್ತಕ್ಕೆ ನೆಂಟರು ಬಂದರು, ಡ್ರಮ್ಮಿನಲ್ಲಿ ತಳ ಕಾಣುತ್ತಿತ್ತು, ಡಬ್ಬ ತುಂಬಿತ್ತು. ಎರಡು ಪಾವು ತೆಗೆದೆ. ಮಾರನೇ ದಿನ ಮನಸ್ಸು ಕೇಳದೆ ಮೂರು ಪಾವು ಹಾಕಿದೆ, ಬಡ್ಡಿ ಸೇರಿಸಿ. ಅಮ್ಮನಿಗೆ ಹೇಳಿದರೆ, "ಮನೆಗೆ ಬಂದೋರಿಗೆ ತಾನೇ ಇಕ್ಕಿದ್ದು? ಬಡ್ಡಿ ಯಾಕೆ ಕಣೇ?" ಅಂತ ನಕ್ಕಳು.

ಈ ಸಲ ಮಳೆಗಾಲ ಜೋರಾಗಿ ಡಬ್ಬದಲ್ಲಿ ಹುಳ ಆಗಿಬಿಟ್ಟಿತ್ತು. ಬಾಲ್ಕನಿಯಲ್ಲಿ ಪೇಪರ್ ಹಾಸಿ ಅಕ್ಕಿ ಹರಡಿದೆ. ಒಳಗೆ ಹೋಗಿ ಕಾಫಿ ಹಿಡಿದು ಬರುವಷ್ಟರಲ್ಲಿ ಪಾರಿವಾಳಗಳು ಬಂದು ಅವುಗಳ ಪಾಲು ತಗೊಂಡಿದ್ದವು. ಉಳಿದದ್ದನ್ನು ಆರಿಸಿ ತುಂಬಿಟ್ಟೆ. ಬೇವಿನ ಸೊಪ್ಪು ಹಾಕಿದರೆ ಹುಳ ಬರಲ್ಲ ಅಂತ ಅಮ್ಮ ಫೋನಿನಲ್ಲಿ ಹೇಳಿದಳು, ಸ್ಪೀಕರ್ ಹಾಕಿದ್ದೆ ಅಂತ ಕಾಣುತ್ತದೆ. ಮೊನ್ನೆ ಭಾನುವಾರ ವಾಕಿಂಗ್ ಹೋದ ನಮ್ಮನೆಯವರು ಕೈತುಂಬ ಬೇವಿನ ಸೊಪ್ಪು ಹಿಡಿದುಕೊಂಡು ಬಂದರು. ಯುಗಾದಿಗೆ ಇನ್ನೂ ಐದು ತಿಂಗಳಿದೆ. ಲಿಫ್ಟಿನಲ್ಲಿ ಸಿಕ್ಕ ಪಕ್ಕದ ಮನೆಯವರು ಬೆಲ್ಲ ಎಲ್ಲಿ ಸಾರ್ ಅಂತ ಕೇಳಿದರಂತೆ.