ಓದಿನ ಹಬ್ಬದ ಪ್ರಯುಕ್ತ ಓದಲು ರಜೆ

ವಿಜಯಪುರದ ನಮ್ಮ ಬಡಾವಣೆಯ ಶಾಖಾ ಗ್ರಂಥಾಲಯದ ಬಾಗಿಲಿಗೆ ಹೋದ ಆಗಸ್ಟ್‌ನಲ್ಲಿ ಒಂದು ಹಾಳೆ ಅಂಟಿಸಿದ್ದರು. ‘ಸಾರ್ವಜನಿಕರಲ್ಲಿ ಓದುವ ಹವ್ಯಾಸ ಬೆಳೆಸುವ ಸಾಂಸ್ಕೃತಿಕ ಉತ್ಸವದ ಪ್ರಯುಕ್ತ ಮೂರು ದಿನ ವಾಚನಾಲಯ ಮುಚ್ಚಿರುತ್ತದೆ. ಓದುಗರು ಸಹಕರಿಸಬೇಕು.’ ಎರಡು ಸಲ ಓದಿದೆ. ಮೂರನೇ ಸಲ ಓದುವಾಗ, ಇನ್ನು ಮೂರು ದಿನ ಇಲ್ಲಿ ಓದಲು ಸಿಗುವುದು ಇದೊಂದೇ ಎಂದು ಹೊಳೆದು ಇನ್ನೊಮ್ಮೆ ನಿಧಾನವಾಗಿ ಓದಿಕೊಂಡೆ.

ಎದುರಿನ ಬೇವಿನ ಗಿಡದ ಕೆಳಗೆ ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ತಯಾರಿ ನಡೆಸುವ ಹುಡುಗರು ಬೈಕಿನ ಸೀಟನ್ನೇ ಮೇಜು ಮಾಡಿಕೊಂಡು ನಿಂತಿದ್ದರು. ಹಳ್ಳಿ ಬಿಟ್ಟು ಬಂದು ನಾಲ್ಕು ಜನ ಸೇರಿ ಒಂದು ಖೋಲಿ ಹಿಡಿದ ಮಕ್ಕಳು. ಫ್ಯಾನಿನ ಕೆಳಗೆ ಸುಮ್ಮನೆ ಕೂಡಲು ಅವರಿಗೆ ಇರುವ ಜಾಗ ಇದೊಂದೇ.

‘ಯಾಕ್ರೋ, ಒಳಗ ಬಿಡಲಿಲ್ಲೇನು?’

‘ಇಲ್ರಿ ಕಾಕಾ. ಓದಿನ ಹಬ್ಬ ಐತಂತ್ರಿ. ಓದವ್ರು ನಡುವ ಕುಂತ್ರ ಅಡಚಣಿ ಆಗತೈತಂತ.’

ಹಬ್ಬ ಮಾಡುವವರು ಹೊರಗಿನವರಲ್ಲ. ಗ್ರಂಥಾಲಯದ ಮೇಲೆ ಪ್ರಾಣ ಇಟ್ಟುಕೊಂಡಿರುವ ನಮ್ಮ ಓಣಿಯ ಹುಡುಗರದೇ ಒಂದು ಬಳಗ. ಅದರ ಪೂರ್ತಿ ಹೆಸರು ಬರೆಯಲು ಕೂತರೆ ಈ ಅಂಕಣದ ಅರ್ಧ ಜಾಗ ಅಲ್ಲಿಗೇ ಹೋಗುತ್ತದೆ. ‘ಯುವ’, ‘ಜಾಗೃತಿ’, ‘ಅಭಿಮಾನಿ’ ಎಲ್ಲವೂ ಅದರೊಳಗೆ ಇವೆ, ಕೊನೆಗೆ ಆವರಣದಲ್ಲಿ ಒಂದು ‘ರಿ’. ಮೊದಲ ವರ್ಷ ಈ ಹುಡುಗರು ಮಾಡಿದ ಕೆಲಸ ಸಣ್ಣದಲ್ಲ. ಬೆನ್ನು ಮುರಿದ ಪುಸ್ತಕಗಳಿಗೆ ಫೆವಿಕಾಲ್ ಹಚ್ಚಿ, ಮೇಲೆ ಇಟ್ಟಂಗಿ ಹೇರಿ, ಒಂದು ಭಾನುವಾರ ಪೂರ್ತಿ ಕಾವಲು ಕಾದಿದ್ದರು. ಸತ್ತ ಟ್ಯೂಬ್‌ಲೈಟನ್ನು ತಮ್ಮ ಕಿಸೆಯ ದುಡ್ಡಿನಿಂದ ಬದಲಿಸಿದ್ದರು. ನಾನೇ ಹೊಗಳಿ ನಾಲ್ಕು ಸಾಲು ಬರೆದಿದ್ದೆ. ಅದೇ ಮುಳುವಾಯಿತೋ ಏನೋ. ಎರಡನೇ ವರ್ಷ ದಾನಿಗಳೊಬ್ಬರು ಆಳೆತ್ತರದ ಎರಡು ಸ್ಪೀಕರ್ ಕೊಡಿಸಿದರು. ಸ್ಪೀಕರ್ ಬಂದ ದಿನದಿಂದ ಫೆವಿಕಾಲ್ ಡಬ್ಬಿಯ ಮುಚ್ಚಳ ತೆಗೆದವರಿಲ್ಲ.

‘ತಮ್ಮಾ, ವಾರದ ರಜೆ ದಿನಾ ಇಟ್ಕೊಂಡ್ರ ಯಾರಿಗೂ ತ್ರಾಸ ಇರೂದಿಲ್ಲಲ್ಲ?’ ಎಂದು ಬಳಗದ ಅಧ್ಯಕ್ಷನನ್ನು ಕೇಳಿದೆ. ಪಾಪ, ಬಹಳ ವಿನಯದ ಹುಡುಗ. ‘ಕಾಕಾ, ರಜೆ ದಿನಾ ಗ್ರಂಥಾಲಯಕ್ಕ ಜನಾ ಎಲ್ಲಿ ಬರ್ತಾರ್ರಿ?’ ಎಂದ. ಬಂದ ಜನರನ್ನು ಹೊರಗೆ ಹಾಕಿದ ಮೇಲೂ ಈ ವಾದ ಅವನಿಗೆ ಸರಿಯಾಗಿಯೇ ಕೇಳಿಸುತ್ತಿತ್ತು.

ಒಳಗೆ ಗೋಡೆಯ ಮೇಲೆ ‘ಮೌನವಾಗಿರಿ’ ಎಂಬ ಫಲಕವಿದೆ. ಸ್ಪೀಕರ್ ಒಂದನ್ನು ಅದರ ಕೆಳಗೇ ನಿಲ್ಲಿಸಿದ್ದರು. ಶಬ್ದದ ಏಟಿಗೆ ಫಲಕವೇ ಮೊಳೆಯ ಮೇಲೆ ಟಕಟಕ ಎನ್ನುತ್ತಿತ್ತು. ಇದರಲ್ಲಿ ಹುಡುಗರ ತಪ್ಪೇನೂ ಇಲ್ಲ, ಊರಿನ ಗುಣ. ಪಿಸುಗುಟ್ಟಿದರೆ ಆಚೆ ತುದಿಗೆ ಕೇಳಲಿ ಎಂದು ಆದಿಲ್‌ಶಾಹಿಗಳು ನಮಗೆ ಗೋಳಗುಮ್ಮಟದಂಥ ಗುಮ್ಮಟ ಕಟ್ಟಿಕೊಟ್ಟರು. ನಾವು ಮೆಟ್ಟಿಲು ಹತ್ತಿ ಮೇಲೆ ಹೋಗಿ ಮಾಡುವ ಮೊದಲ ಕೆಲಸ ಸೀಟಿ ಹೊಡೆಯುವುದು.

ಆಗಸ್ಟ್ 12 ಗ್ರಂಥಪಾಲಕರ ದಿನ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಹುಟ್ಟಿದ ತಿಂಗಳು ಎಂಬ ಕಾರಣಕ್ಕೆ ದೇಶವೆಲ್ಲ ಆಚರಿಸುವ ದಿನ. ಹಬ್ಬದ ಮುಖ್ಯ ಸಮಾರಂಭವೂ ಅಂದೇ. ಬ್ಯಾನರಿನಲ್ಲಿ ಪ್ರಾಯೋಜಕರ ಮುಖ ಕಿಟಕಿಯಷ್ಟು, ಅವರ ಅಣ್ಣನ ಮಗನದು ತಾಟಿನಷ್ಟು, ಮೂಲೆಯಲ್ಲಿ ಅಂಚೆಚೀಟಿಯಷ್ಟು ರಂಗನಾಥನ್. ಹತ್ತಿರ ಹೋಗಿ ಕನ್ನಡಕ ಏರಿಸಿ ನೋಡಿದೆ. ಹೆಸರು ರಂಗನಾಥನ್ ಅವರದು, ಚಿತ್ರ ಗಣಿತಜ್ಞ ರಾಮಾನುಜನ್ ಅವರದು. ಹೇಳಿದ್ದಕ್ಕೆ ಒಬ್ಬ ಹುಡುಗ, ‘ಇಬ್ಬರೂ ಮದ್ರಾಸ್ ಕಡೆಯವ್ರ ಅಲ್ಲೇನ್ರಿ ಕಾಕಾ’ ಎಂದು ಸಮಾಧಾನ ಮಾಡಿದ. ಹಾಗೆ ನೋಡಿದರೆ ತಪ್ಪು ಅಷ್ಟೇನೂ ದೊಡ್ಡದಲ್ಲ. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗುವ ಮೊದಲು ರಂಗನಾಥನ್ ಕೂಡ ಗಣಿತದ ಮೇಷ್ಟ್ರೇ. ಮುಂದೆ ರಾಮಾನುಜನ್ ಬಗ್ಗೆ ಒಂದು ಪುಸ್ತಕವನ್ನೂ ಬರೆದರು. ತಮ್ಮ ಹುಟ್ಟುಹಬ್ಬದ ಬ್ಯಾನರನ್ನು ಅವರಿಗೆ ಬಿಟ್ಟುಕೊಡಲು ಬೇಸರಿಸುತ್ತಿರಲಿಲ್ಲ.

ಬೇಸರಿಸುತ್ತಿದ್ದರೆ ಬೇರೆ ವಿಷಯಕ್ಕೆ. 1931ರಲ್ಲಿ ಅವರು ಕೊಟ್ಟ ಐದು ಗ್ರಂಥಾಲಯ ಸೂತ್ರಗಳಲ್ಲಿ ನಾಲ್ಕನೆಯದು ‘ಓದುಗನ ಸಮಯ ಉಳಿಸಿ’ ಎಂಬುದು. ಹತ್ತು ಗಂಟೆಯ ಕಾರ್ಯಕ್ರಮಕ್ಕೆ ಮುಖ್ಯ ಅತಿಥಿಗಳು ಹನ್ನೆರಡೂವರೆಗೆ ಬಂದರು. ಅಲ್ಲಿಯವರೆಗೆ ‘ಅತಿಥಿಗಳು ಇನ್ನೈದು ನಿಮಿಷದಲ್ಲಿ ನಮ್ಮ ನಡುವೆ’ ಎಂದು ಮೈಕಿನಲ್ಲಿ ಹೇಳಿದ್ದನ್ನು ನಾನು ಎಣಿಸಿದ್ದೇನೆ: ಹನ್ನೊಂದು ಸಲ. ಸಮಯ ಉಳಿದಿದ್ದು ಅತಿಥಿಗಳದು ಮಾತ್ರ.

ಬಂದವರ ಸಂಗಡ ಇನ್ನೂ ನಾಲ್ವರು ಬಂದಿದ್ದರಿಂದ ವೇದಿಕೆ ಸಾಲದಾಯಿತು. ಆಗ ಮೈಕಿನಲ್ಲಿ ಕೇಳಿಸಿದ ಮಾತನ್ನು ಒಂದಕ್ಷರ ಬಿಡದೆ ಬರೆದುಕೊಂಡಿದ್ದೇನೆ. ‘ಇಂದು ಗ್ರಂಥಪಾಲಕರ ದಿನಾಚರಣೆ. ಗ್ರಂಥಪಾಲಕರು ಎಲ್ಲಿದ್ದರೂ ಕೂಡಲೇ ನಾಲ್ಕು ಕುರ್ಚಿ ತರಬೇಕಾಗಿ ವಿನಂತಿ.’ ನಮ್ಮ ಗ್ರಂಥಪಾಲಕರು ಇನ್ನೆರಡು ಶಾಖೆಯ ಹೊಣೆಯನ್ನೂ ಹೊತ್ತ ಮನುಷ್ಯ. ಅಂದು ಕುರ್ಚಿಯನ್ನೂ ಹೊತ್ತರು. ತಲೆಯ ಮೇಲೆ ಎರಡು, ಕಂಕುಳಲ್ಲಿ ಎರಡು. ವೇದಿಕೆಯನ್ನು ಕಾದಂಬರಿ ವಿಭಾಗದ ಕಪಾಟಿಗೆ ಆನಿಸಿ ಕಟ್ಟಿದ್ದರಿಂದ ಆ ಕಪಾಟಿನ ಬಾಗಿಲು ತೆರೆಯುವಂತಿರಲಿಲ್ಲ. ಮೂರು ದಿನ ಒಂದು ಕಾದಂಬರಿಯೂ ಕಳುವಾಗಲಿಲ್ಲ ಎಂಬುದನ್ನು ಬಳಗದ ಸಾಧನೆಯಲ್ಲಿ ಸೇರಿಸಬಹುದು.

ಇನ್ನು ಸ್ಪರ್ಧೆಗಳು. ರಂಗೋಲಿ, ಜಾನಪದ ಗೀತೆ, ಸಂಗೀತ ಕುರ್ಚಿ ಎಲ್ಲ ಇದ್ದದ್ದೇ. ನಾನು ಸಾಯುವವರೆಗೆ ಮರೆಯಲಾರದ್ದು ಮೌನ ಓದಿನ ಸ್ಪರ್ಧೆ. ಆರು ಕುರ್ಚಿ, ಆರು ಜನ, ಕೈಗೊಂದು ಪುಸ್ತಕ. ಯಾರು ಮೊದಲು ಮುಗಿಸುತ್ತಾರೋ ಅವರು ಗೆದ್ದಂತೆ. ಸುಮ್ಮನೆ ಓದುತ್ತ ಕೂತರೆ ನೋಡುವವರಿಗೆ ಬೇಸರ ಬರಬಾರದಲ್ಲ, ಅದಕ್ಕೆ ವೀಕ್ಷಕ ವಿವರಣೆ ಇಟ್ಟಿದ್ದರು. ಜಾತ್ರೆಯ ಕುಸ್ತಿ ಕಣದಲ್ಲಿ ಪಳಗಿದ ಗಂಟಲು.

‘ಮೂರನೇ ನಂಬರ್ ಕುರ್ಚಿಯವ್ರು ಪುಟಾ ತಿರುವಿದ್ರು ನೋಡ್ರಿ! ಭಲೇ! ಐದನೇ ನಂಬರಿನವ್ರು ಇನ್ನೂ ಮುನ್ನುಡಿದಾಗ ಸಿಕ್ಕೊಂಡಾರ, ಹೊರಗ ಬರ್ತಾರೋ ಇಲ್ಲೋ… ಎರಡನೇ ನಂಬರ್ ತಂಗಿ ತುಟಿ ಅಲ್ಲಾಡಸಾಕತ್ತಾಳ! ಅಂಪೈರ್ ನೋಡ್ಬೇಕು, ತುಟಿ ಅಲ್ಲಾಡಿದ್ರ ಔಟ್!’

ಜನ ಸೀಟಿ ಹಾಕಿದರು. ಎರಡನೇ ನಂಬರಿನ ಹುಡುಗಿ ಬಾಯಿಯ ಮೇಲೆ ಕೈ ಇಟ್ಟುಕೊಂಡು ಓದತೊಡಗಿದಳು. ಅಷ್ಟರಲ್ಲಿ ನಾಲ್ಕನೇ ಕುರ್ಚಿಯ ಹುಡುಗ ಬೆರಳಿಗೆ ಉಗುಳು ಹಚ್ಚಿ ಹಚ್ಚಿ, ಎರಡೆರಡು ಹಾಳೆ ಒಟ್ಟಿಗೆ ತಿರುವುತ್ತ ಕೊನೆಯ ಪುಟ ತಲುಪಿ ಎರಡೂ ಕೈ ಮೇಲೆತ್ತಿಬಿಟ್ಟ. ಪಟಾಕಿ ಹೊಡೆದರು. ಬಹುಮಾನ ಗೋಡೆ ಗಡಿಯಾರ. ಕೆಳಗಿಳಿದವನನ್ನು ಹಿಡಿದು, ಕತೆ ಏನಪ್ಪ ಎಂದು ಕೇಳಿದೆ. ‘ಕಾಕಾ, ಸ್ಪರ್ಧೆ ಓದೂದಷ್ಟ ಇತ್ರಿ, ತಿಳ್ಕೊಳ್ಳೂದು ಇರ್ಲಿಲ್ರಿ’ ಎಂದ. ನಿಯಮಾವಳಿ ತರಿಸಿ ನೋಡಿದೆ, ಹುಡುಗ ಹೇಳಿದ್ದು ನಿಜ.

ಛದ್ಮವೇಷದಲ್ಲಿ ಒಂದನೇ ಇಯತ್ತೆಯ ಒಬ್ಬ ಪೋರ ಪುಸ್ತಕವಾಗಿ ಬಂದಿದ್ದ. ಎದೆಗೊಂದು ರಟ್ಟು, ಬೆನ್ನಿಗೊಂದು ರಟ್ಟು, ತಲೆಯ ಮೇಲೆ ಕೆಂಪು ರಿಬ್ಬನ್ನಿನ ಪುಟಗುರುತು. ಅವ್ವ ರಾತ್ರಿಯೆಲ್ಲ ಕೂತು ಅಂಟಿಸಿದ್ದಂತೆ. ಚೆನ್ನಾಗಿಯೇ ಇತ್ತು. ಆದರೆ ರಟ್ಟಿನ ಅಗಲ ಬಾಗಿಲಿಗಿಂತ ನಾಲ್ಕು ಬೆರಳು ಹೆಚ್ಚು. ಎದುರು ಬಂದರೆ ತಾಗುತ್ತಿತ್ತು, ಅಡ್ಡ ತಿರುಗಿಸಿದರೆ ಹಿಂದಿನ ರಟ್ಟು ಚೌಕಟ್ಟಿಗೆ ಸಿಗುತ್ತಿತ್ತು. ಗ್ರಂಥಾಲಯದ ಒಳಗೆ ಬರಲಾಗದ ಪುಸ್ತಕ ಹೊಸ್ತಿಲಲ್ಲಿ ನಿಂತು ಅಳತೊಡಗಿತು. ಸಮಾಧಾನಕರ ಬಹುಮಾನವಾಗಿ ಒಂದು ಪ್ಲಾಸ್ಟಿಕ್ ಟಿಫಿನ್ ಡಬ್ಬಿಯನ್ನು ಹೊರಗೇ ಕೊಟ್ಟು ಕಳಿಸಿದರು.

ಮುಖ್ಯ ಅತಿಥಿಗಳು ಆದಿಲ್‌ಶಾಹಿ ಕಾಲದಿಂದ ಮಾತು ಹಿಡಿದರು. ನಮ್ಮ ಊರು ಆವಾಗಿನಿಂದಲೂ ಗ್ರಂಥಾಲಯದ ಊರು ಎಂದರು. ಖರೆ. ಆದಿಲ್‌ಶಾಹಿಗಳ ಅಸಾರ್ ಮಹಲಿನಲ್ಲಿ ಉಳಿದಿದ್ದ ಹಸ್ತಪ್ರತಿಗಳನ್ನು ಈಸ್ಟ್ ಇಂಡಿಯಾ ಕಂಪನಿಯವರು 1853ರಲ್ಲಿ ಲಂಡನ್ನಿಗೆ ಸಾಗಿಸಿದರು. ಈಗ ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಅಲ್ಲಿ ಹಸ್ತಪ್ರತಿ ನೋಡಲು ಹೋದರೆ ಪೆನ್ನನ್ನೂ ಒಳಗೆ ಬಿಡುವುದಿಲ್ಲ, ಸೀಸದ ಕಡ್ಡಿಯಷ್ಟೇ. ಡೊಳ್ಳಿನ ಮಾತು ದೂರ. ಕದ್ದವರ ಮನೆಯಲ್ಲಿ ಮಾಲು ಸುಖವಾಗಿರುವುದನ್ನು ನೆನೆದು ಒಂದು ನಿಮಿಷ ದೇಶಭಕ್ತಿ ಅಲುಗಿತು.

ಆಮೇಲೆ ಅವರು ಫ.ಗು. ಹಳಕಟ್ಟಿಯವರಿಗೆ ಬಂದರು. ವಚನಗಳನ್ನು ಅಚ್ಚು ಹಾಕಲು ಇದ್ದ ಮನೆ ಮಾರಿ, 1925ರಲ್ಲಿ ಇದೇ ಊರಿನಲ್ಲಿ ಮುದ್ರಣಾಲಯ ಹಾಕಿದ ಪುಣ್ಯಾತ್ಮ. ‘ಅವರ ತ್ಯಾಗ ನಮಗ ಸ್ಫೂರ್ತಿ. ನನಗಂತೂ ಓದಾಕ ಟೈಮ್ ಸಿಗಲಿಲ್ಲ, ನೀವರ ಓದ್ರಿ’ ಎಂದು ಹೇಳಿ, ಗ್ರಂಥಾಲಯಕ್ಕೆ ತಮ್ಮ ಕೊಡುಗೆಯಾಗಿ ಸ್ವಾಗತ ಕಮಾನು ಘೋಷಿಸಿದರು. ಒಂದು ಹೈಮಾಸ್ಟ್ ದೀಪವೂ ಬರಲಿದೆ. ಒಳಗಿನ ಟ್ಯೂಬ್‌ಲೈಟ್ ಮತ್ತೆ ಮಿಣುಕುತ್ತಿದೆ, ಆ ಮಾತು ಬೇರೆ.

ಕೊಡುಗೆ ಎಂದಾಗ ನೆನಪಾಯಿತು. ಮನೆ ತೆರಿಗೆಯ ಚಲನ್ ಎಂದಾದರೂ ಪೂರ್ತಿ ನೋಡಿದ್ದೀರಾ? ತೆರಿಗೆಯ ಮೇಲೆ ಆರೋಗ್ಯ ಕರ ನೂರಕ್ಕೆ 15, ಗ್ರಂಥಾಲಯ ಕರ 6, ಭಿಕ್ಷುಕರ ಕರ 3. ಅಂದರೆ ಸರ್ಕಾರದ ಲೆಕ್ಕದಲ್ಲಿ ನಮ್ಮ ಗ್ರಂಥಾಲಯ ಭಿಕ್ಷುಕರಿಗಿಂತ ಸರಿಯಾಗಿ ಎರಡು ಪಟ್ಟು ಸ್ಥಿತಿವಂತ. 1965ರ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದ ಪ್ರಕಾರ ಸ್ಥಳೀಯ ಸಂಸ್ಥೆಗಳು ಈ ಕರ ವಸೂಲಿ ಮಾಡಿ ಗ್ರಂಥಾಲಯಕ್ಕೆ ದಾಟಿಸಬೇಕು. ವಸೂಲಿ ತಪ್ಪುವುದಿಲ್ಲ, ದಾಟಿಸುವುದು ಬಾಕಿ ಎಂಬ ಕೂಗು ರಾಜ್ಯದಲ್ಲಿ ಹಳೆಯದು. ಬಳಗದವರು ಈ ಬಾಕಿಗಾಗಿ ಒಂದು ದಿನ, ಒಂದೇ ಒಂದು ದಿನ, ಅವೇ ಸ್ಪೀಕರುಗಳನ್ನು ಕಚೇರಿಯ ಮುಂದೆ ಇಟ್ಟಿದ್ದರೆ ನಾನೇ ಡೊಳ್ಳು ಹೊಡೆಯುತ್ತಿದ್ದೆ. ಹಬ್ಬದ ಖರ್ಚು-ವೆಚ್ಚ ಓದಿ ಹೇಳಿದರು: ಪೆಂಡಾಲ್, ಸೌಂಡು, ಶಾಲು, ಅಲ್ಪೋಪಹಾರ, ಇತರೆ. ಇತರೆ ಎಂದರೇನು ಎಂದು ವಿಚಾರಿಸಿದೆ. ಊದಿನಕಡ್ಡಿ, ಸೇಫ್ಟಿ ಪಿನ್ನು, ಪುಸ್ತಕ.

ಅಲ್ಪೋಪಹಾರಕ್ಕೆ ಮಿರ್ಚಿ ಭಜಿ, ಚುರುಮುರಿ. ನಾನು ಬೆಳಿಗ್ಗೆ ಓದಲು ಬಂದಿದ್ದ ಪತ್ರಿಕೆ ಮಧ್ಯಾಹ್ನ ಭಜಿಯ ಕೆಳಗೆ ಸಿಕ್ಕಿತು. ಸಂಪಾದಕೀಯ ಎಣ್ಣೆ ಕುಡಿದು ಪಾರದರ್ಶಕವಾಗಿತ್ತು, ಹಿಂದಿನ ಪುಟದ ಹತ್ತಿ ಧಾರಣೆ ಅದರೊಳಗಿಂದ ಕಾಣುತ್ತಿತ್ತು. ಮೂರು ದಿನದಲ್ಲಿ ನನಗೆ ದಕ್ಕಿದ ಓದು ಅಷ್ಟೇ.

ಅಷ್ಟೇ ಎಂದುಕೊಂಡಿದ್ದೆ. ‘ಹಿರಿಯ ಓದುಗರು’ ಎಂದು ಮೈಕಿನಲ್ಲಿ ನನ್ನ ಹೆಸರು ಕೂಗಿಬಿಟ್ಟರು. 2021ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ, ಸರ್ಕಾರಿ ಸಮಾರಂಭಗಳಲ್ಲಿ ಹಾರ ತುರಾಯಿ ಶಾಲು ಬೇಡ, ಬದಲಿಗೆ ಕನ್ನಡ ಪುಸ್ತಕ ಕೊಡಿ ಎಂದು ಸುತ್ತೋಲೆ ಹೊರಡಿಸಿತ್ತು. ನಮ್ಮ ಹುಡುಗರು ಅದನ್ನು ಮನಸ್ಸಿಗೆ ತೆಗೆದುಕೊಂಡಿದ್ದಾರೆ, ಆದರೆ ‘ಬದಲಿಗೆ’ ಎಂಬುದನ್ನು ‘ಜೊತೆಗೆ’ ಎಂದು ಓದಿಕೊಂಡಿದ್ದಾರೆ. ಹಾರ ಹಾಕಿದರು, ಶಾಲು ಹೊದಿಸಿದರು, ಪೇಟಾ ಸುತ್ತಿದರು, ಆಮೇಲೆ ಗುಲಾಬಿ ಬಣ್ಣದ ಮಿರಿಮಿರಿ ಕಾಗದದಲ್ಲಿ ಸುತ್ತಿದ ಪುಸ್ತಕವನ್ನು ಆರು ಜನ ಕೂಡಿ ಹಿಡಿದು ಕೊಟ್ಟರು. ಫೋಟೋದಲ್ಲಿ ಪುಸ್ತಕ ನನ್ನ ಕೈಯಲ್ಲಿ ಇಲ್ಲ, ಆರೂ ಜನರ ಕೈಯಲ್ಲಿ ಇದೆ.

ಮನೆಗೆ ಬಂದು ಕಾಗದ ಬಿಚ್ಚಿದೆ. ಹಳೆಯ ರಟ್ಟು. ಬೆನ್ನಿಗೆ ಅಂಟಿಸಿದ ಚೀಟಿಯ ಮೇಲೆ ಕ 894.8143; ಗ್ರಂಥಪಾಲಕರ ಭಾಷೆಯಲ್ಲಿ ಕನ್ನಡ ಕಾದಂಬರಿ. ಮೊದಲ ಪುಟದಲ್ಲಿ ನೀಲಿ ಮುದ್ರೆ. ಊರು 2014ರಲ್ಲೇ ವಿಜಯಪುರವಾಗಿದ್ದರೂ ಮುದ್ರೆಯಲ್ಲಿ ಇನ್ನೂ ಬಿಜಾಪುರ. ಕದ್ದವರು ಮೊದಲ ಪುಟ ಹರಿದರೂ ಗುರುತು ಉಳಿಯಲಿ ಎಂದು ಒಳಗಿನ ಗುಪ್ತ ಪುಟದಲ್ಲೂ ಒಂದು ಮುದ್ರೆ ಒತ್ತಿರುತ್ತಾರೆ. ಅದೂ ಇತ್ತು. ಹಿಂದಿನ ಚೀಟಿಯಲ್ಲಿ ಮರಳಿಸಬೇಕಾದ ಕೊನೆಯ ದಿನಾಂಕ 1997ರದು. ನಮ್ಮದೇ ಗ್ರಂಥಾಲಯದ ಪುಸ್ತಕ, ಯಾರ ಯಾರದೋ ಸನ್ಮಾನ ಸುತ್ತಿ ಸುತ್ತಿ ನನ್ನ ಮನೆಗೆ ಬಂದಿತ್ತು. ಕಾಗದದ ಕೆಳಗೆ ಇನ್ನೊಂದು ಕಾಗದ ಇತ್ತು, ಅದು ಹಸಿರು.

ಬಾಗಿಲು ತೆರೆದ ದಿನವೇ ಒಯ್ದೆ. ಗ್ರಂಥಪಾಲಕರು ಪುಸ್ತಕ ನೋಡಿದರು, ನನ್ನ ಮುಖ ನೋಡಿದರು, ಎದ್ದು ಹೋಗಿ ದಪ್ಪನೆಯ ರಿಜಿಸ್ಟರ್ ತಂದು ಧೂಳು ಊದಿ ಬೆರಳಿಟ್ಟು ಹುಡುಕಿದರು.

‘ಸರ, ಇದನ್ನ ಒಳಗ ತಗೊಳ್ಳಾಕ ಬರೂದಿಲ್ರಿ.’

‘ಯಾಕ್ರಿ? ನಿಮ್ಮದ ಮುದ್ರೆ ಐತಲ್ಲ?’

‘ಮುದ್ರೆ ನಮ್ಮದ ಐತ್ರಿ. ಆದ್ರ ರಿಜಿಸ್ಟರಿನ್ಯಾಗ ಇದು ಕಳದೈತಿ. ಕಳದಿದ್ದನ್ನ ರದ್ದ ಮಾಡಿ ಮ್ಯಾಲಿನವ್ರ ಸಹಿ ಆಗೈತಿ. ಈಗ ಇದು ಸಿಕ್ರ ನನಗ ತ್ರಾಸ ಆಗತೈತ್ರಿ.’ ಕುರ್ಚಿ ಹೊತ್ತು ಭುಜ ಇನ್ನೂ ನೋಯುತ್ತಿರಬೇಕು, ಒಂದೇ ಕೈಯಲ್ಲಿ ಪುಸ್ತಕವನ್ನು ನನ್ನ ಕಡೆ ಸರಿಸಿದರು.

ತಂದು ಮನೆಯ ಮೇಜಿನ ಮೇಲೆ ಇಟ್ಟೆ. ನಾಲ್ಕನೇ ದಿನ ಸಂಜೆ ಬಳಗದ ಅಧ್ಯಕ್ಷ ಬಂದ. ಚಪ್ಪಲಿ ಬಿಟ್ಟು, ಕೂಡು ಎಂದರೂ ಕೂಡದೆ, ಬಾಗಿಲಲ್ಲೇ ನಿಂತ. ನಾಳೆ ಇನ್ನೊಂದು ಬಡಾವಣೆಯಲ್ಲಿ ಅವರ ಕಾರ್ಯಕ್ರಮವಂತೆ, ಒಬ್ಬರು ಅತಿಥಿಗಳು ಹೆಚ್ಚಾಗಿದ್ದಾರಂತೆ.

‘ಕಾಕಾ, ಆ ಪುಸ್ತಕ ಹಂಗ ಐತೇನ್ರಿ? ಕಾಗದಾ ಬಿಚ್ಚಿಲ್ಲ ಅಲ್ರಿ?’